ಎಡಗೈಯ ಕತ್ತಿಗಳು

ಮೂಡಲಗಿಯ ನನ್ನ ಅಂಗಡಿಯ ಫಲಕದ ಮೇಲೆ 'ಇದ್ದದ್ದು ಇದ್ದ ಹಾಗೆ' ಎಂದು ನಾನೇ ಬರೆದುಕೊಂಡಿದ್ದೇನೆ. ಹಳೆಯ ಕಾಲದ ಯುದ್ಧಚಿತ್ರಗಳನ್ನು, ಒಂದು ಗೆರೆ ಹೆಚ್ಚಿಲ್ಲದೆ ಒಂದು ಗೆರೆ ಕಡಿಮೆಯಿಲ್ಲದೆ, ದೊಡ್ಡ ಬಟ್ಟೆಯ ಮೇಲೆ ಬರೆದು ಕೊಡುವುದು ನನ್ನ ಕೆಲಸ. ಗರಡಿಮನೆಯವರು, ಮದುವೆ ಹಾಲ್‌ನವರು ಒಯ್ಯುತ್ತಾರೆ. ಫ್ಲೆಕ್ಸ್ ಬಂದು ಎಷ್ಟೋ ಪೇಂಟರುಗಳು ಕುಂಚ ಇಟ್ಟರು. ನಾನು ಇಡಲಿಲ್ಲ.

ಶಾಲೆ ಬಿಟ್ಟಿದ್ದು ಐದನೆಯ ಇಯತ್ತೆಯಲ್ಲಿ. ಎಡಗೈಯಲ್ಲಿ ಬರೆಯುತ್ತೇನೆಂದು ಮಾಸ್ತರರು ಬೆರಳ ಗಂಟಿನ ಮೇಲೆ ಪಟ್ಟಿಯಿಂದ ಹೊಡೆಯುತ್ತಿದ್ದರು. ಒಂದು ದಿನ ಪಾಟಿಯನ್ನು ಅಲ್ಲೇ ಇಟ್ಟು ಎದ್ದು ಬಂದೆ. ಗೋಕಾಕದಲ್ಲಿ ಒಬ್ಬರು ಪೇಂಟರ್ ನನ್ನನ್ನು ಸೇರಿಸಿಕೊಂಡರು. ಅವರೇ ನನ್ನ ಉಸ್ತಾದರು. "ಕೈ ಯಾವುದರ ಇರ್ಲಿ, ಗೆರಿ ಸೀದಾ ಬಂದ್ರ ಸಾಕು" ಅಂದರು. ಆ ಒಂದು ಮಾತಿಗೆ ಅವರ ಬಳಿ ಹನ್ನೆರಡು ವರ್ಷ ದುಡಿದೆ.

ಅವರ ಪದ್ಧತಿಯೇ ನನ್ನ ಪದ್ಧತಿ. ಎಣ್ಣೆ ಕಾಗದದ ಮೇಲೆ ಚಿತ್ರ ತೆಗೆದು, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಬೇಕು. ಅದನ್ನು ಬಟ್ಟೆಯ ಮೇಲೆ ಹಾಸಿ ಇದ್ದಿಲ ಪುಡಿಯ ಗಂಟಿನಿಂದ ತಟ್ಟಿದರೆ, ತೂತುಗಳೊಳಗಿಂದ ಪುಡಿ ಇಳಿದು ಕೆಳಗೆ ಚಿತ್ರ ಮೂಡುತ್ತದೆ. ಸೂಜಿ ಹೊರಬಂದ ಬದಿ ಒರಟಾಗಿರುತ್ತದೆಂದು ಉಸ್ತಾದರು ಅದನ್ನು ಉಸುಕಿನ ಕಾಗದದಿಂದ ತಿಕ್ಕುತ್ತಿದ್ದರು. ಆಮೇಲೆ ಎರಡೂ ಬದಿ ಒಂದೇ ತರ.

ಅವರು ಕೊನೆಗೆ ಚುಚ್ಚಿದ್ದು ಕೋಟೆ ಬಾಗಿಲಿನ ಮುಂದಿನ ಒಂದು ದೊಡ್ಡ ಕಾಳಗವನ್ನು. ಬಣ್ಣ ಹಚ್ಚುವ ಮೊದಲೇ ತೀರಿಹೋದರು. ಅವರ ಹೆಂಡತಿ, ನಾನು ಕಾಕಿ ಎನ್ನುತ್ತಿದ್ದೆ, ಚುಚ್ಚಿದ ಕಾಗದವನ್ನು ನನಗೆ ಕೊಟ್ಟು, ಉಸ್ತಾದರು ನೋಡಿ ಬರೆದಿದ್ದ, ಗೋಡೆಯ ಮೇಲಿನ ಅಚ್ಚಿನ ಚಿತ್ರವನ್ನೂ ಒಯ್ಯಿ ಅಂದರು.

"ಬ್ಯಾಡ ಕಾಕಿ, ಅದು ನನ್ನ ಕಣ್ಣಾಗ ಐತಿ" ಅಂದೆ.

ಕಣ್ಣಿನಲ್ಲಿದ್ದದ್ದು ನನ್ನ ಎಡಗೈ ಮಾತ್ರ. ಕಾಗದವನ್ನು ಆ ಬದಿ, ಈ ಬದಿ ತಿರುವಿ ನೋಡಿದೆ. ಯಾವ ಬದಿ ನನಗೆ ಸರಿ ಕಂಡಿತೋ ಆ ಬದಿಯನ್ನು ಮೇಲೆ ಮಾಡಿ ಹಾಸಿದೆ. ಹಾಗೆಯೇ ಇಪ್ಪತ್ತೆರಡು ವರ್ಷದಲ್ಲಿ ಅದೇ ಕಾಳಗವನ್ನು ಹದಿನಾಲ್ಕು ಸಲ ಬರೆದೆ.

ಹೋದ ವರ್ಷ ಹುಕ್ಕೇರಿಯ ಹಾಲ್‌ನಲ್ಲಿ ಒಂದು ಲಗ್ನದ ಊಟಕ್ಕೆ ಕುಳಿತಿದ್ದೆ. ಎದುರಿನ ಗೋಡೆಯ ಮೇಲೆ ನನ್ನದೇ ಕಾಳಗ. ಬಾಜೂ ಕುಳಿತವರು ಹತ್ತರಗಿಯ ಒಬ್ಬ ಮಾಜಿ ಸೈನಿಕರು.

"ಇದನ್ನ ಬರ್ದಾವ್ರು ನೀವ ಏನ್ರಿ?"

"ಹೂನ್ರಿ, ನಾನ."

"ಭಾಳ ಚಲೋ ಐತ್ರಿ. ಆದ್ರ ಪೇಂಟರ್ ಸಾಹೇಬ್ರ, ಈ ಪಲ್ಟನ್ ತುಂಬ ಎಡಚರನ್ನ ಭರ್ತಿ ಮಾಡೀರಲ್ರಿ! ಒಬ್ಬನರ ಬಲಗೈಯಾಗ ಕತ್ತಿ ಹಿಡಿಬಾರ್ದ?"

ಸುತ್ತಲಿನ ನಾಲ್ಕು ಮಂದಿ ನಕ್ಕರು.

"ಮೂಲದಾಗ ಹಂಗ ಐತ್ರಿ. ನಾ ಇದ್ದದ್ದು ಇದ್ದಂಗ ಬರ್ಯಾಂವ" ಅಂದೆ. ಆಮೇಲೆ ಗೋಡೆಯ ಮೇಲಿನ ಕತ್ತಿಗಳನ್ನು ಒಂದೊಂದಾಗಿ ನೋಡಿದೆ; ಎಲ್ಲವೂ ಎಡಗೈಯಲ್ಲಿದ್ದವು.

ಮರುದಿನ ಮೊದಲ ಬಸ್ಸಿಗೆ ಗೋಕಾಕಕ್ಕೆ ಹೋದೆ.

"ಅವತ್ತ ಒಯ್ಯಂದ್ರ ಒಯ್ಲಿಲ್ಲ, ದೊಡ್ಡಾಂವ ಆಗಿದ್ದಿ. ಈಗ ನೆನಪಾತೇನ?" ಎನ್ನುತ್ತಲೇ ಕಾಕಿ ಟ್ರಂಕಿನಿಂದ ಚಿತ್ರ ತೆಗೆದರು. ಕೋಟೆಯ ಬಾಗಿಲು ಎಡಕ್ಕಿತ್ತು. ನನ್ನದರಲ್ಲಿ ಬಲಕ್ಕಿದೆ. ಒಬ್ಬೊಬ್ಬ ಸವಾರನ ಮೇಲೂ ಬೆರಳಿಟ್ಟು ನೋಡುತ್ತ ಹೋದೆ. ಎಲ್ಲ ಕತ್ತಿಗಳೂ ಬಲಗೈಯಲ್ಲಿದ್ದವು. ಇಷ್ಟು ವರ್ಷವೂ ನಾನು ಕಾಗದವನ್ನು ಮಗುಚಿ ಹಾಸಿದ್ದೆ.

"ಯಾಕೋ, ಮಾರಿ ಹಂಗ್ಯಾಕಾತು?" ಎಂದು ಕಾಕಿ ಕೇಳಿದರು. ಉಸ್ತಾದರ ಮನೆಯಲ್ಲಿ ನಿಂತು ಅದನ್ನು ಹೇಗೆ ಹೇಳುವುದು?

ತಿದ್ದಿಬಿಡುತ್ತೇನೆ, ಹದಿನಾಲ್ಕನ್ನೂ ಹೊಸದಾಗಿ ಬರೆದು ಕೊಡುತ್ತೇನೆ ಎಂದುಕೊಂಡೆ. ಹುಕ್ಕೇರಿಯ ಹಾಲ್‌ನ ಮಾಲೀಕರು ಕೈ ಮುಗಿದರು. "ಎಷ್ಟ ಮಂದಿ ಲಗ್ನದ ಫೋಟೋದಾಗ ಇದು ಬಂದೈತಿ. ಯಾರ್ ನೋಡ್ತಾರ್ರೀ ಕೈ? ಇರ್ಲಿ ಬಿಡ್ರಿ." ಕಲ್ಲೋಳಿಯ ಗರಡಿಯಲ್ಲಿ ಪ್ರತಿ ಅಮಾವಾಸ್ಯೆಗೆ ಚಿತ್ರಕ್ಕೆ ಕಾಯಿ ಒಡೆಯುತ್ತಾರಂತೆ. ಕುದುರೆಗಳ ಮೂತಿಗೂ ಕುಂಕುಮ ಹತ್ತಿತ್ತು. ಪೂಜೆಗೊಂಡದ್ದನ್ನು ಕೆಳಗಿಳಿಸಲು ಬಿಡುವುದಿಲ್ಲ ಅಂದರು. ಉಳಿದವರ ಬಾಗಿಲಿಗೆ ನಾನು ಹೋಗಲಿಲ್ಲ.

ಅಷ್ಟರಲ್ಲಿ ಬೆಲ್ಲದ ಬಾಗೇವಾಡಿಯ ಗರಡಿಯ ಹಿರಿಯರು ಅದೇ ಕಾಳಗ ತಮಗೂ ಬೇಕೆಂದು ಬಂದರು. ಇದೊಂದಾದರೂ ಸರಿಯಾಗಲಿ ಎಂದು ಕಾಕಿಯಿಂದ ಅಚ್ಚಿನ ಚಿತ್ರ ತಂದು ಎದುರಿಗೆ ತೂಗುಹಾಕಿ, ಕಾಗದ ತಿರುವಿ ಹಾಸಿ, ಎರಡು ತಿಂಗಳು ಕುಳಿತೆ. ಕೈ ಮಾತು ಕೇಳುತ್ತಿರಲಿಲ್ಲ. ಮುಷ್ಟಿಯೊಂದನ್ನೇ ಮೂರು ಮೂರು ಸಲ ಅಳಿಸಿದೆ. ಟೆಂಪೋದಲ್ಲಿ ಒಯ್ದು ಗರಡಿಯಲ್ಲಿ ಬಿಚ್ಚಿದಾಗ ಹಿರಿಯರು ತಲೆ ಓರೆ ಮಾಡಿದರು.

"ಪೇಂಟರ, ಇದು ಉಲ್ಟಾ ಆಗೇತಲ್ರಿ."

"ಇದ ಸರಿ ಐತ್ರಿ ಕಾಕಾ. ಮೊದಲಿನವು ತಪ್ಪು."

"ನಮಗೇನ್ ಕಣ್ಣಿಲ್ಲೇನ್ರಿ? ಹುಕ್ಕೇರ್ಯಾಗ ನೋಡೇವಿ, ಕಲ್ಲೋಳ್ಯಾಗ ನೋಡೇವಿ. ನೀವ ಬರ್ದದ್ದು. ಅದ ಖರೆ."

ಅಚ್ಚಿನ ಚಿತ್ರವನ್ನು ಮುಂದೆ ಹಿಡಿದೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ ತಿರುಗಿ ಕೊಟ್ಟರು.

"ಛಾಪಿಸೋ ಮುಂದ ಅವ್ರ ಉಲ್ಟಾ ಮಾಡ್ಯಾರ ತಗೋರಿ. ನಿಮ್ಮ ಕೈಯಾಗ ತಪ್ಪ ಬರೂದಿಲ್ಲ, ಅದು ನಮಗ ಗೊತ್ತೈತಿ."

ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಆ ಬಟ್ಟೆಯನ್ನು ಸುತ್ತಿ ಅಂಗಡಿಯ ಅಟ್ಟದ ಮೇಲೆ ಇಟ್ಟಿದ್ದೇನೆ. ಕಾಗದವನ್ನು ಮತ್ತೆ ತಿರುವಿ ಹಾಸಿದೆ. ಈ ಸಲ ತಿಳಿದೇ ಹಾಸಿದೆ. ಕೈ ಸಲೀಸಾಗಿ ಓಡಿತು, ಒಂದು ಮುಷ್ಟಿಯನ್ನೂ ಅಳಿಸಲಿಲ್ಲ. ಮೂರು ವಾರದಲ್ಲಿ ಮುಗಿಯಿತು.

ಗೋಡೆಗೆ ಏರಿಸಿದ ಮೇಲೆ ಹಿರಿಯರು ನನ್ನ ಹೆಗಲ ಮೇಲೆ ಕೈ ಇಟ್ಟರು.

"ನೋಡ್ರಿ, ಈಗ ಇದ್ದದ್ದು ಇದ್ದಂಗ ಬಂತು."

ನಾನು ಹೂನ್ರಿ ಅಂದೆ.