ಟವಲ್ ಮೈದಾನ

ನಮ್ಮ ಮನೆಯವರೆಲ್ಲರ ಪ್ರಕಾರ ಜಗತ್ತಿನ ಪ್ರತಿ ಕಷ್ಟಕ್ಕೂ ಒಂದು ಟವಲ್ ಇತ್ತು. ಸೊಲ್ಲಾಪುರದಲ್ಲಿ ಟವಲ್ ವ್ಯಾಪಾರ ಮಾಡಿಕೊಂಡಿದ್ದವರು ನಾವು. ಸೋರುವ ಮಾಳಿಗೆಗೆ ಟವಲ್, ಕುಂಟುವ ಮೇಜಿಗೆ ಟವಲ್. ಎಪ್ಪತ್ತಾರರ ಒಲಿಂಪಿಕ್ಸಿನಿಂದ ನಮ್ಮ ಹಾಕಿ ತಂಡ ಪದಕವಿಲ್ಲದೆ ಮರಳಿದಾಗ ಅದಕ್ಕೂ ನನಗೆ ಟವಲ್ಲೇ ಹೊಳೆದದ್ದು ನನ್ನೊಬ್ಬನ ತಪ್ಪಲ್ಲ.

ಅಲ್ಲಿ ಆಡಿಸಿದ್ದು ಹುಲ್ಲಿನ ಮೇಲಲ್ಲ, ಹುಲ್ಲಿನಂತೆ ಮಾಡಿದ ಹಸಿರು ಪ್ಲಾಸ್ಟಿಕ್ ಹಾಸಿನ ಮೇಲೆ ಎಂದು ಪತ್ರಿಕೆಯಲ್ಲಿ ಬರೆದಿದ್ದರು. ಓದಿ ನನಗೆ ನಗು ಬಂತು. ಎದ್ದು ನಿಂತ ಎಳೆ, ಹಸಿರು ಬಣ್ಣ, ನೆಲದ ಮೇಲೆ ಹಾಸುವುದು. ಇಂಥದ್ದನ್ನು ನಾವು ಅಜ್ಜನ ಕಾಲದಿಂದ ಮೈ ಒರೆಸಿಕೊಳ್ಳಲು ಮಾರುತ್ತಿದ್ದೆವು!

ನನಗೆ ಅವಸರವೂ ಇತ್ತು. ಚಳಿಗಾಲಕ್ಕೆ ಅಕ್ಕಲಕೋಟೆಯಲ್ಲಿ ಜಿಲ್ಲಾ ತಂಡದ ಆಯ್ಕೆ. ಅಪ್ಪ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: "ಆರಿಸಿ ಬಂದಿ ಅಂದ್ರ ಆಡು, ನಾ ಏನೂ ಅನ್ನಂಗಿಲ್ಲ. ಬರಲಿಲ್ಲ, ಮರುದಿನಾನ ಬಂದು ಗಾದಿ ಮ್ಯಾಲ ಕುಂಡ್ರು. ಪುನ್ಹಾ ಹಾಕಿ ಹೆಸರು ತಗೀಬ್ಯಾಡ." ಅಂಗಡಿಯ ಆ ಗಾದಿ ಕಂಡರೆ ನನಗೆ ಜೈಲು ಕಂಡಂತಾಗುತ್ತಿತ್ತು.

ಗೋದಾಮಿನಲ್ಲಿ ನೇಯ್ಗೆ ಕೆಟ್ಟ ಹಸಿರು ಟವಲುಗಳ ಗಂಟು ಬಿದ್ದಿತ್ತು. ಅವ್ವನನ್ನು ಕಾಡಿ ಬೇಡಿ ಅವನ್ನೆಲ್ಲ ಒಂದಕ್ಕೊಂದು ಹೊಲಿಸಿದೆ. ಮಾಳಿಗೆ ತುಂಬ ಹಾಸಿ, ಅಂಚಿಗೆ ಇಟ್ಟಂಗಿ ಹೇರಿ, ಸುಣ್ಣದಲ್ಲಿ ಗೋಲಿನ ಗೆರೆ ಎಳೆದೆ. ಇಂಥ ಮೈದಾನ ದೇಶದಲ್ಲೇ ಇನ್ನೊಂದಿಲ್ಲ ಎಂದು ಗೆಳೆಯರೆದುರು ಕೊಚ್ಚಿಕೊಂಡೆ. ಆ ಮಾತು ಸುಳ್ಳಾಗಿರಲಿಲ್ಲ.

ಚೆಂಡು ಮಾತ್ರ ಉರುಳಲು ಒಪ್ಪಲಿಲ್ಲ. ಎರಡು ಮಾರು ಹೋಗಿ ಎಳೆಯಲ್ಲಿ ಸಿಕ್ಕಿ ನಿಂತುಬಿಡುತ್ತಿತ್ತು. ಒಲಿಂಪಿಕ್ಸಿನಲ್ಲೂ ಇದೇ ಆಗಿರಬೇಕು, ನಮ್ಮವರ ತೋಳಲ್ಲಿ ಕಸುವು ಸಾಲಲಿಲ್ಲ ಎಂದು ತೀರ್ಮಾನಿಸಿದೆ. ದಿನಾ ಬೆಳಿಗ್ಗೆ ಹಲ್ಲು ಕಚ್ಚಿ ಬೀಸಿದೆ. ಚಳಿಗಾಲದ ಹೊತ್ತಿಗೆ ಚೆಂಡು ಮಾಳಿಗೆಯ ಆ ತುದಿ ಮುಟ್ಟುತ್ತಿತ್ತು. ನಿಜವಾದ ಹಾಸಿನ ಮೇಲೆ ಚೆಂಡು ಹುಲ್ಲಿಗಿಂತ ಜೋರಾಗಿ ಓಡುತ್ತದೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಅಕ್ಕಲಕೋಟೆಯ ಮೈದಾನ ಒಣಗಿ ಬಿರುಸಾದ ನೆಲ, ಪಕ್ಕಕ್ಕೇ ತೆನೆ ಹಿಡಿದ ಜೋಳದ ಹೊಲ. ನನ್ನ ಮೊದಲ ಪಾಸು ಜೊತೆಗಾರನನ್ನು ದಾಟಿ ಸೀದಾ ಜೋಳದೊಳಗೆ ಹೊಕ್ಕಿತು. ಎರಡನೆಯದೂ ಹೊಕ್ಕಿತು. ಮೆಲ್ಲಗೆ ಹೊಡೆಯೋಣವೆಂದರೆ ತೋಳು ನನ್ನ ಮಾತು ಕೇಳುವುದನ್ನೇ ಬಿಟ್ಟಿತ್ತು. ಆಡಿದ್ದಕ್ಕಿಂತ ಹೆಚ್ಚು ಹೊತ್ತು ಎಲ್ಲರೂ ಹೊಲದಲ್ಲಿ ಚೆಂಡು ಹುಡುಕಿದರು. ಆಯ್ಕೆಗೆ ಬಂದಿದ್ದ ಹಿರಿಯರು ಕೊನೆಗೆ ನನ್ನನ್ನು ಹತ್ತಿರ ಕರೆದರು.

"ತಮ್ಮಾ, ಹಾಕಿ ಆಡಾಕ ಬಂದೀಯೋ, ಜೋಳದಾಗಿನ ಹಕ್ಕಿ ಓಡಸಾಕ ಬಂದೀಯೋ?"

ಗೆಳೆಯರು ಆ ಮಾತನ್ನು ಸೊಲ್ಲಾಪುರ ಮುಟ್ಟುವವರೆಗೂ ಬಸ್ಸಿನಲ್ಲಿ ಹೇಳಿ ಹೇಳಿ ನಕ್ಕರು. ನಾನು ಕಿಟಕಿಯ ಕಡೆ ಮುಖ ಮಾಡಿ ಅತ್ತೆ.

ಮರುದಿನ ಗಾದಿಯ ಮೇಲೆ ಕೂತೆ. ಹಸಿರು ಟವಲುಗಳು ಆಗಲೇ ಕಪಾಟಿನಲ್ಲಿದ್ದವು. ನಾನು ಅಕ್ಕಲಕೋಟೆಯ ಬಸ್ಸು ಹತ್ತಿದ ಕೂಡಲೇ ಅವ್ವ ಹೊಲಿಗೆ ಬಿಚ್ಚಿ ಒಗೆದು ಒಣಗಿಸಿದ್ದಳಂತೆ. ನನ್ನ ಆಟದ ಬಗ್ಗೆ ಮನೆಯಲ್ಲಿ ಅಷ್ಟು ಭರವಸೆ.

ಮೈಂದರ್ಗಿಯಿಂದ ಬಂದ ಗಿರಾಕಿಯೊಬ್ಬರು ಒಂದನ್ನು ಎತ್ತಿ ಹಿಡಿದರು. "ನೀರು ಛಲೋ ಹೀರತದೇನ್ರಿ?"

"ಹೀರತದರಿ," ಎಂದೆ. "ಇದರ ಮ್ಯಾಲ ಬಿದ್ದದ್ದು ಮುಂದ ಹೋಗಂಗಿಲ್ಲ. ಖುದ್ದ ನಾನ ನೋಡೇನಿ."

ಒಳಗಿದ್ದ ಅಪ್ಪ ಮೆಚ್ಚಿ ತಲೆಯಾಡಿಸಿದರು. ಕಟ್ಟಿಕೊಡುವಾಗ ನೋಡಿದೆ, ಒಂದು ಟವಲಿನ ಮೇಲೆ ನಾನೆಳೆದ ಗೋಲಿನ ಗೆರೆ ಇನ್ನೂ ಮಸುಕಾಗಿ ಉಳಿದಿತ್ತು. ಆ ಬದಿಯನ್ನು ಒಳಗೆ ಮಡಚಿ ಕೊಟ್ಟೆ.