ಕುಂಕುಮ ಕೊಟ್ಟು ಕರೆದ ಇಮೇಲ್

ಮೊನ್ನೆ ಬೆಳಿಗ್ಗೆ ಸಾರಿಗೆ ಒಗ್ಗರಣೆ ಹಾಕಿ ಕೈ ಒರೆಸಿಕೊಳ್ಳುವಷ್ಟರಲ್ಲಿ ಫೋನು ಟಣ್ ಎಂದಿತು. ನೋಡಿದರೆ, ನನಗೆ ಇಮೇಲ್ ಕೊಟ್ಟಿರುವ ಕಂಪನಿಯವರು ಬಹಳ ವಿನಯದಿಂದ ತಿಳಿಸಿದ್ದರು: ನಿಮ್ಮ ಜಾಗ ತುಂಬುತ್ತ ಬಂದಿದೆ, ಇನ್ನಷ್ಟು ಬೇಕಿದ್ದರೆ ದುಡ್ಡು ಕೊಡಿ, ಇಲ್ಲವಾದರೆ ಹಳೆಯದನ್ನು ಅಳಿಸಿ. ಇಷ್ಟು ವರ್ಷ ಪುಕ್ಕಟೆ ಇಟ್ಟುಕೊಂಡು ಈಗ ಬಾಡಿಗೆ ಕೇಳಿದರೆ ಸಿಟ್ಟು ಬರುತ್ತದೋ ಇಲ್ಲವೋ, ನೀವೇ ಹೇಳಿ.

ಜಾಗ ತುಂಬಿದ್ದರಲ್ಲಿ ಅರ್ಧ ಪಾಲು ನನ್ನ ಮಗಳದು. ಕಡೂರಿನಲ್ಲೇ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಅವಳಿಗೆ ಬರುವ ತಿಂಗಳು ಮದುವೆ. ಕರೆಯೋಲೆಯ ಬಗೆಬಗೆಯ ನಮೂನೆಗಳನ್ನು ನನ್ನ ಇಮೇಲಿಗೇ ತರಿಸಿ, ಒಂದನ್ನು ಆರಿಸಿ, ಬಂಧುಬಳಗಕ್ಕೆಲ್ಲ ಮೊಬೈಲಿನಲ್ಲೇ ಕಳಿಸಿ ಕೈ ತೊಳೆದುಕೊಂಡಿದ್ದೆವು. ದೇವನೂರಿನಲ್ಲಿರುವ ನನ್ನ ನಾದಿನಿ ಗಿರಿಜೆಗೂ ಹಾಗೇ ಕಳಿಸಿದ್ದೆ. ಅವಳಿಂದ ಕೈಮುಗಿದ ಚಿತ್ರವೊಂದು ಬಂದಿತ್ತು. ಮಾತು ಬಂದಿರಲಿಲ್ಲ. ವಾರಕ್ಕೊಂದು ಸಲವಾದರೂ ಫೋನ್ ಮಾಡಿ ಹಸು ಕರು ಹಾಕಿದ್ದರಿಂದ ಹಿಡಿದು ಹಪ್ಪಳ ಒಣಗಿದ್ದರ ತನಕ ವರದಿ ಒಪ್ಪಿಸುವವಳು ಅದಾದ ಮೇಲೆ ಸುಮ್ಮನಾಗಿದ್ದಳು. ಕೆಲಸವಿರಬೇಕು ಅಂದುಕೊಂಡು ನಾನೂ ಸುಮ್ಮನಾಗಿದ್ದೆ.

"ಬಿಡಮ್ಮ, ಬೇರೆ ಕಂಪನೀಲಿ ಒಂದು ಹೊಸ ಮೇಲ್ ಮಾಡ್ಕೊ. ಪುಕ್ಕಟೆ ಕೊಡೋರು ಬೇಕಾದಷ್ಟು ಜನ ಇದಾರೆ" ಅಂದಳು ಮಗಳು, ರೊಟ್ಟಿ ಮುರಿಯುತ್ತ.

ಅವಳಿಗೇನು ಗೊತ್ತು? ಅದು ನಮ್ಮ ದೊಡ್ಡವ್ವ ಆರಿಸಿದ ಮನೆ. ಹಾಗೆಲ್ಲ ಬಿಟ್ಟು ಹೋಗಲಾಗುವುದಿಲ್ಲ. ನಿಮಗೆ ಪುರುಸೊತ್ತಿದ್ದರೆ ಆ ಕಥೆ ಹೇಳುತ್ತೇನೆ. ಸಾರು ಹೇಗೂ ಕುದಿಯಬೇಕಿತ್ತು, ನಿಂತಲ್ಲೇ ನನಗೂ ಅದೆಲ್ಲ ನೆನಪಾಯಿತು.

ಆಗ ಕಡೂರಿನಲ್ಲಿ ನನ್ನದೊಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಟೈಪ್‌ರೈಟರುಗಳ ಕಾಲ ಮುಗಿಯುತ್ತಿದೆ ಎಂದು ಮೂಸಿ ನೋಡಿ, ಸಾಲ ಮಾಡಿ, ಕಂಪ್ಯೂಟರು ತಂದು ಇಟ್ಟಿದ್ದೆ. ಇಂಟರ್ನೆಟ್ಟು ಫೋನಿನ ತಂತಿಯಲ್ಲೇ ಬರಬೇಕು. ಅದು ಬಂದಾಗ ಫೋನು ಬರುವಂತಿಲ್ಲ, ಫೋನು ಬಂದರೆ ಅದು ಹೋಯಿತು. ಆದರೂ ಬಾಗಿಲ ಮೇಲೆ "ಇಲ್ಲಿ ಇಮೇಲ್ ಮಾಡಿಕೊಡಲಾಗುವುದು" ಎಂದು ಬರೆಸಿ, ಊರಿಗೆ ನಾನೇ ಹೊಸ ಅಂಚೆ ಇಲಾಖೆ ಎಂಬಂತೆ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದೆ.

ದೊಡ್ಡವ್ವ ಎಂದರೆ ನನ್ನ ಅವ್ವನ ಅಕ್ಕ. ಅಜ್ಜಂಪುರದವಳು. ಮನೆಯಲ್ಲಿ ಈರುಳ್ಳಿ ಮಂಡಿಯ ವ್ಯಾಪಾರ, ಹಣೆಯಲ್ಲಿ ಮೂರು ಬೆರಳಿನ ವಿಭೂತಿ, ಬಾಯಲ್ಲಿ ಊರಿಗೆಲ್ಲ ಬುದ್ಧಿಮಾತು. ಅಕ್ಕನ ಬಳಗ ಎಂಬ ಅಲ್ಲಿಯ ಹೆಂಗಸರ ಸಂಘಕ್ಕೆ ಅವಳೇ ಅಧ್ಯಕ್ಷೆ. ಬಳಗದ ಹೆಂಗಸರು ಹಳೆ ಸೀರೆ ಸೇರಿಸಿ ಹೊಲಿಯುವ ಕೌದಿಗಳನ್ನು ದಾವಣಗೆರೆಯ ಅಂಗಡಿಯೊಂದು ಕೊಳ್ಳಲು ಒಪ್ಪಿತ್ತು. ಆದರೆ ಅಂಗಡಿಯವರು, ಮೊದಲು ಫೋಟೋ ಕಳಿಸಿ, ಇಮೇಲಿನಲ್ಲೇ ಕಳಿಸಿ ಅಂದಿದ್ದರಂತೆ. ಒಂದು ದಿನ ಬೀರೂರಿನಲ್ಲಿ ಬಸ್ಸು ಬದಲಾಯಿಸಿಕೊಂಡು, ಸ್ಟುಡಿಯೋದವನು ಕೌದಿಗಳ ಫೋಟೋ ಹಾಕಿಕೊಟ್ಟ ಸಿ.ಡಿ.ಯನ್ನು ಈರುಳ್ಳಿ ವಾಸನೆಯ ಕೈಚೀಲದಲ್ಲಿಟ್ಟುಕೊಂಡು ನನ್ನ ಬಾಗಿಲಿಗೆ ಬಂದಳು.

"ಒಂದು ಇಮೇಲ್ ಕೊಡೇ. ಗಟ್ಟಿ ಇರೋದು ಕೊಡು."

ನಾನು ಸುಮ್ಮನೆ ಒಂದು ಮಾಡಿಕೊಟ್ಟು ಕಳಿಸಬಹುದಿತ್ತು. ಕಲಿಸುವ ಚಟ ಬಿಡಬೇಕಲ್ಲ! ಗೋಡೆಯ ಕರಿಹಲಗೆಯ ಮೇಲೆ ಗೆರೆ ಎಳೆದು, ಯಾವ ಕಂಪನಿ ಎಷ್ಟು ಜಾಗ ಕೊಡುತ್ತದೆ, ಯಾವುದು ಬೇಗ ತೆರೆಯುತ್ತದೆ ಎಂದು ಪಾಠ ಶುರು ಮಾಡಿದೆ. ಹಳೆಯದು, ಹೆಸರಾದದ್ದು, ಎಲ್ಲರೂ ಇರುವುದು ಒಂದಿತ್ತು. ನನ್ನ ಶಿಫಾರಸು ಅದಕ್ಕೇ. ದೊಡ್ಡವ್ವ ಪರದೆಯ ಮೇಲೆ ಕುಣಿಯುತ್ತಿದ್ದ ಜಾಹೀರಾತುಗಳನ್ನು ನೋಡಿ, "ಇದು ಸಂತೆ ಕಣೇ. ಇಲ್ಲಿ ಕೂತು ಯಾರಾದ್ರೂ ಕಷ್ಟಸುಖ ಮಾತಾಡ್ತಾರಾ?" ಅಂದಳು. ಎರಡನೆಯದರಲ್ಲಿ ಒಂದಷ್ಟು ದಿನ ಬಾಗಿಲು ತೆರೆಯದಿದ್ದರೆ ಒಳಗಿದ್ದ ಪತ್ರವನ್ನೆಲ್ಲ ಗುಡಿಸಿ ಹಾಕಿಬಿಡುತ್ತಿದ್ದರು. "ನಾಕು ದಿನ ಊರಿಗೆ ಹೋದ್ರೆ ಸಾಮಾನು ಬೀದಿಗೆ ಎಸೆಯೋ ಮನೆ ನಂಗೆ ಬೇಡ" ಅಂದಳು. ಎರಡರಲ್ಲೂ ಜಾಗ ಎಷ್ಟು ಕಡಿಮೆಯೆಂದರೆ ನಾಲ್ಕು ಕೌದಿ ಮಡಚಿಟ್ಟರೆ ಐದನೆಯದಕ್ಕೆ ಎಡೆಯಿಲ್ಲ.

"ಇನ್ನೊಂದು ಇದೆ" ಅಂದೆ. "ಹೊಸದು. ಜಾಗ ಬೇಕಾದಷ್ಟಿದೆ. ಆದರೆ ಅದಕ್ಕೆ ಯಾರು ಬೇಕಾದ್ರೂ ಸೇರೋ ಹಾಗಿಲ್ಲ. ಒಳಗಿದ್ದೋರು ಯಾರಾದ್ರೂ ಕರೀಬೇಕು. ನನ್ನನ್ನ ಕಾಲೇಜಿನ ಮೇಡಂ ಒಬ್ರು ಕರೆದ್ರು."

ಇದು ಆ ಕಂಪನಿಯ ದೊಡ್ಡ ಕೊರತೆ ಎಂಬುದು ನನ್ನ ಅಭಿಪ್ರಾಯ. ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಅನ್ನುವ ಜನ ನಾವು. ಪುಕ್ಕಟೆ ವಸ್ತುವಿಗೆ ಕರೆ ಬೇರೆ ಕೇಡೇ ಎಂದು ಮೂಗು ಮುರಿದಿದ್ದೆ. ದೊಡ್ಡವ್ವ ಮಾತ್ರ ಕುರ್ಚಿಯಲ್ಲಿ ನೆಟ್ಟಗೆ ಕೂತಳು.

"ಕರೀತಾರಾ? ಹಂಗಾದ್ರೆ ಅದು ಮರ್ಯಾದಸ್ಥರ ಮನೆ ಕಣೇ. ಅಲ್ಲೇ ಮಾಡು."

ನಮ್ಮ ಕಡೆ ಕರೆಯುವುದು ಎಂದರೆ ಏನು ಎಂದು ನಿಮಗೆ ಹೇಳಬೇಕಾಗಿಲ್ಲ. ಆದರೂ ಹೇಳುತ್ತೇನೆ, ಏಕೆಂದರೆ ಈ ಕಥೆಯ ಗಂಟಿರುವುದೇ ಅಲ್ಲಿ. ಕಾರ್ಡು ಎಷ್ಟೇ ದಪ್ಪವಿರಲಿ, ಅದು ಸುದ್ದಿ ಅಷ್ಟೇ. ಮನೆಯ ಹೆಂಗಸು ಬಾಗಿಲಿಗೆ ಬಂದು, ಹಣೆಗೆ ಕುಂಕುಮವಿಟ್ಟು, "ಬರಬೇಕು" ಎಂದು ಬಾಯಿಬಿಟ್ಟು ಹೇಳಿದರೆ ಮಾತ್ರ ಅದು ಕರೆ. ಮೊದಲನೆಯದು ದೇವರಿಗೆ, ಎರಡನೆಯದು ಒಡಹುಟ್ಟಿದವರಿಗೆ, ಆಮೇಲೆ ಊರಿಗೆ. ಇದರಲ್ಲಿ ಒಂದಿಷ್ಟು ಹೆಚ್ಚುಕಮ್ಮಿಯಾದರೂ ಮನೆಗಳು ಒಡೆಯುತ್ತವೆ.

ನಮ್ಮದೂ ಒಡೆದಿತ್ತು. ದೊಡ್ಡವ್ವನಿಗೂ ತರೀಕೆರೆಯಲ್ಲಿದ್ದ ನನ್ನ ಅವ್ವನಿಗೂ ಏಳೆಂಟು ವರ್ಷಗಳಿಂದ ಮಾತಿರಲಿಲ್ಲ. ಕಾರಣ ಕೇಳಿದರೆ ನಗುತ್ತೀರಿ. ದೊಡ್ಡವ್ವ ತನ್ನ ಮಗಳ ಮದುವೆಯ ಸೀರೆ ತರಲು ಅಜ್ಜಂಪುರದಿಂದ ಶಿವಮೊಗ್ಗದ ಕಡೆ ಹೊರಟಿದ್ದಳು. ಬಸ್ಸು ತರೀಕೆರೆ ಸ್ಟ್ಯಾಂಡಿನಲ್ಲಿ ನಿಂತಾಗ, ತರಕಾರಿ ಚೀಲ ಹಿಡಿದು ನಿಂತಿದ್ದ ತಂಗಿ ಕಣ್ಣಿಗೆ ಬಿದ್ದಳು. ಖುಷಿಯಲ್ಲಿ ಕಿಟಕಿಯಿಂದಲೇ ಕೈ ಚಾಚಿ ಕಾರ್ಡು ಕೊಟ್ಟು, "ಎಲ್ರೂ ಬಂದ್ಬಿಡ್ರೇ!" ಎಂದು ಕೂಗಿದಳು. ಅಷ್ಟರಲ್ಲಿ ಬಸ್ಸು ಹೊರಟಿತು. ಅವ್ವ ಕಾರ್ಡು ಹಿಡಿದುಕೊಂಡು ಹೊಗೆಯಲ್ಲಿ ನಿಂತಳು. ಮತ್ತೊಮ್ಮೆ ಮನೆಗೆ ಬಂದು ಕರೆದಾಳು ಎಂದು ಮದುವೆಯ ಹಿಂದಿನ ದಿನದ ತನಕ ಕಾದಳು. ದೊಡ್ಡವ್ವ ಬರಲಿಲ್ಲ, ಅವ್ವ ಹೋಗಲಿಲ್ಲ.

"ಹೊಟ್ಟೇಲಿ ಹುಟ್ಟಿದ ಮಗೀನ ಹಂಗೆ ಸಾಕಿದೀನಿ ಅವಳನ್ನ. ತಂಗಿಗೆ ಎಂಥ ಕರಿಯೋದು?" ಎಂದು ಅಜ್ಜಂಪುರ. "ದಾರೀಲಿ ಹೋಗೋರಿಗೆ ಕರಪತ್ರ ಕೊಟ್ಟಂಗೆ ಕೊಟ್ಟಳು" ಎಂದು ತರೀಕೆರೆ. ನಡುವೆ ಕಡೂರಿನ ನಾನು ಅಡಕತ್ತರಿಯಲ್ಲಿ ಸಿಕ್ಕ ಅಡಕೆ. ಇಬ್ಬರೂ ನನ್ನ ಹತ್ತಿರ ಬಂದು ಮತ್ತೊಬ್ಬರ ಆರೋಗ್ಯ ವಿಚಾರಿಸುತ್ತಿದ್ದರು. ವಿಚಾರಿಸಿದ್ದನ್ನು ಹೇಳಬೇಡ ಎಂದು ಆಣೆಯನ್ನೂ ಹಾಕುತ್ತಿದ್ದರು. ಅಕ್ಕತಂಗಿ ಹೀಗೇ ಮುದುಕಿಯರಾಗಿ, ಒಬ್ಬರ ಸಾವಿಗೆ ಇನ್ನೊಬ್ಬರು ಬಂದು ಅಳುವಂತಾಗುತ್ತದೇನೋ ಎಂದು ನನಗೆ ನಿಜವಾಗಿಯೂ ಹೆದರಿಕೆಯಾಗಿತ್ತು.

ಇರಲಿ, ಇಮೇಲಿಗೆ ಬರೋಣ. ದೊಡ್ಡವ್ವನನ್ನು ಹೊಸ ಕಂಪನಿಗೆ ಕರೆಯಲು ಹೋದರೆ, ಕರೆ ತಲುಪುವುದಕ್ಕೆ ಅವಳಿಗೆ ಮೊದಲೇ ಒಂದು ಇಮೇಲ್ ಇರಬೇಕಿತ್ತು! ಹಾಗಾಗಿ ಮೊದಲು ಅವಳು ಬೈದಿದ್ದ ಸಂತೆಯಲ್ಲೇ ಒಂದು ವಿಳಾಸ ಮಾಡಿ, ಅಲ್ಲಿಗೆ ಕರೆ ಕಳಿಸಿದೆ. ಬಂತು. ಓದಿ ಹೇಳಿದೆ. ದೊಡ್ಡವ್ವ ಅಲ್ಲಾಡಲಿಲ್ಲ.

"ಇನ್ನೇನು, ಒತ್ತು ದೊಡ್ಡವ್ವ."

"ಕುಂಕುಮ ಎಲ್ಲೇ?"

ನಾನು ನಕ್ಕೆ. ಅವಳು ನಗಲಿಲ್ಲ. ಕೊನೆಗೆ ಸರಸ್ವತಿ ಪಟದ ಮುಂದಿದ್ದ ಭರಣಿ ತಂದು, ಟೈಪಿಂಗ್ ಕಲಿಯಲು ಬಂದ ಹುಡುಗಿಯರೆಲ್ಲ ನೋಡುತ್ತಿರುವಂತೆ, ಹಣೆಗೆ ಕುಂಕುಮವಿಟ್ಟು "ಬರಬೇಕು ದೊಡ್ಡವ್ವ" ಅಂದೆ. ಆಮೇಲೆ ಗುಂಡಿ ಒತ್ತಿದಳು. ಖಾತೆ ತೆರೆಯಿತು. ಕೌದಿಗಳ ಫೋಟೋ ಒಂದೊಂದಾಗಿ ದಾವಣಗೆರೆಗೆ ಹೊರಟವು. ಒಂದು ಫೋಟೋ ಹೋಗುವಷ್ಟರಲ್ಲಿ ಒಂದು ಲೋಟ ಚಹಾ ಮುಗಿಯುತ್ತಿತ್ತು.

"ಇನ್ನು ಮೇಲೆ ನೀನೂ ಐದಾರು ಜನಾನ ಕರೀಬಹುದು" ಅಂದೆ, ಬಳಗದ ಹೆಂಗಸರನ್ನು ಮನಸ್ಸಿನಲ್ಲಿಟ್ಟುಕೊಂಡು.

ದೊಡ್ಡವ್ವ ಸೆರಗಿನಿಂದ ಮುಖ ಒರೆಸಿಕೊಂಡು, "ದೇವ್ರಿಗೆ ಇಮೇಲ್ ಬೇಡ ಅನ್ಕೊ. ಆಮೇಲೆ ಯಾರು ಹೇಳು?" ಎಂದು ಕೇಳಿದಳು.

ಎಲ್ಲಿ ಮನಸ್ಸು ಬದಲಾಯಿಸುತ್ತಾಳೋ ಎಂದು ನಾನು ಪಟಕ್ಕನೆ ಕಂಪ್ಯೂಟರು ಆರಿಸಿ, ಹುಡುಗಿಯರಿಗೆ ರಜೆ ಕೊಟ್ಟು, ಕುಂಕುಮದ ಭರಣಿ ಚೀಲಕ್ಕೆ ಹಾಕಿಕೊಂಡು ಬೀಗ ಹಾಕಿದೆ. ದಾರಿಯಲ್ಲಿ ಅವಳು ಒಂದು ತಟ್ಟೆ, ಎಲೆ ಅಡಿಕೆ, ತೆಂಗಿನಕಾಯಿ, ಒಂದು ರವಿಕೆ ಬಟ್ಟೆ ಕೊಂಡಳು. ಹಸಿರೋ ನೀಲಿಯೋ ಎಂದು ಅಂಗಡಿಯಲ್ಲಿ ಅರ್ಧ ಗಂಟೆ ಒದ್ದಾಡಿದಳು. ಇಮೇಲ್ ಕಂಪನಿ ಆರಿಸಲೂ ಅವಳು ಇಷ್ಟು ಕಷ್ಟಪಟ್ಟಿರಲಿಲ್ಲ. ತರೀಕೆರೆ ಬಸ್ಸು ಹತ್ತಿದೆವು. ಬಸ್ಸು ಸ್ಟ್ಯಾಂಡಿಗೆ ನುಗ್ಗುವಾಗ ಅವಳು ಕಿಟಕಿಯ ಗಾಜನ್ನು ಎಳೆದು ಮುಚ್ಚಿದಳು.

ಬಾಗಿಲು ತೆರೆದ ಅವ್ವನ ಮುಖ ಹೇಗಿತ್ತೆಂದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಕೈಯಲ್ಲಿ ಹಿಟ್ಟು. ಅಕ್ಕನನ್ನು ನೋಡಿದಳು, ತಟ್ಟೆ ನೋಡಿದಳು, ನನ್ನನ್ನು ನೋಡಿದಳು.

"ಯಾರ ಮದ್ವೆ?"

"ಮದ್ವೆ ಅಲ್ಲ ಕಣೇ ಶಾರ್ದ. ಒಂದು ಇಮೇಲ್ ತಗೊಂಡಿದೀನಿ. ಅದಕ್ಕೆ ಸೇರೋಕೆ ಕರೀಬೇಕಂತೆ. ನಿನ್ನನ್ನ ಕರಿಯೋಕೆ ಬಂದೆ."

ಇಂಥ ಕರೆಗೆ ಏನು ಹೇಳಬೇಕೆಂದು ಯಾವ ಹಿರಿಯರೂ ಅವ್ವನಿಗೆ ಕಲಿಸಿರಲಿಲ್ಲ. ಕುಂಕುಮ ಹಿಡಿದು ಬಂದವರನ್ನು ಬೇಡ ಅನ್ನಬಾರದು ಎಂಬುದನ್ನಂತೂ ಕಲಿಸಿದ್ದರು. ಕೈ ತೊಳೆದು ಬಂದಳು. ಹೊಸಿಲ ಆಚೆ ಅಕ್ಕ, ಈಚೆ ತಂಗಿ.

"ಅವತ್ತು ಕಿಟಕಿಯಿಂದ ಕರೆದೆ" ಅಂದಳು ಅವ್ವ.

"ಹ್ಞೂ ಕಣೇ. ಕರೆದೆ. ತಪ್ಪಾಯ್ತು. ಇವತ್ತು ಬಾಗ್ಲಿಗೆ ಬಂದಿದೀನಿ."

ಅವ್ವ ಹಣೆ ಮುಂದೆ ಮಾಡಿದಳು. ದೊಡ್ಡವ್ವ ಒತ್ತಿದ ರಭಸಕ್ಕೆ ಕುಂಕುಮ ಮೂಗಿನ ತನಕ ಇಳಿಯಿತು. ಆಮೇಲೆ ಇಬ್ಬರೂ ಅತ್ತರು, ನಾನೂ ಅತ್ತೆ. ಅಡುಗೆಮನೆಯಲ್ಲಿ ಹೆಂಚಿನ ಮೇಲಿದ್ದ ರೊಟ್ಟಿ ಕರಕಲಾಗಿ ವಾಸನೆ ಬರುವ ತನಕ ಯಾರಿಗೂ ಎಚ್ಚರವಿರಲಿಲ್ಲ.

ಕರೆದ ಮೇಲೆ ಹೋಗಬೇಕಲ್ಲ! ಮುಂದಿನ ವಾರ ಅವ್ವ ರೇಷ್ಮೆ ಸೀರೆ ಉಟ್ಟು ಕಡೂರಿಗೆ ಬಂದಳು. ಅಕ್ಕತಂಗಿಯರನ್ನು ಅಕ್ಕಪಕ್ಕದ ಕಂಪ್ಯೂಟರುಗಳ ಮುಂದೆ ಕೂರಿಸಿದೆ. "ಅಕ್ಕ ಚೆನ್ನಾಗಿದೀಯಾ" ಎಂಬುದನ್ನು ಇಂಗ್ಲಿಷ್ ಅಕ್ಷರದಲ್ಲಿ ಒಂದೊಂದೇ ಕೀಲಿ ಹುಡುಕಿ ಒತ್ತಿ ಅವ್ವ ಕಳಿಸಿದಳು. ಅದು ಪಕ್ಕದ ಪರದೆಗೆ ಬರುವಷ್ಟರಲ್ಲಿ ದೊಡ್ಡವ್ವ ಬಾಯಲ್ಲೇ "ಮಂಡಿನೋವು ಕಣೇ" ಎಂದು ಉತ್ತರ ಕೊಟ್ಟಾಗಿತ್ತು. ಎಲ್ಲ ಮುಗಿದ ಮೇಲೆ ಅವ್ವ ಸುತ್ತಲೂ ನೋಡಿ, "ಅಲ್ವೇ ಅಕ್ಕ, ಕರೆದಿದೀಯ, ಊಟಾನೇ ಇಲ್ವಲ್ಲೇ?" ಅಂದಳು. ಮರುಸಲ ದೊಡ್ಡವ್ವ ಡಬ್ಬಿ ತುಂಬ ಹೋಳಿಗೆ ತಂದಳು. ನನ್ನ ಕೀಬೋರ್ಡು ಬಹಳ ದಿನ ತುಪ್ಪದ ವಾಸನೆ ಹೊಡೆಯುತ್ತಿತ್ತು.

ಹೇಳಬೇಕೆಂದರೆ ಆಮೇಲೆ ಅವರು ಇಮೇಲ್ ಬರೆದದ್ದು ಕಡಿಮೆ, ಬಸ್ಸು ಹತ್ತಿದ್ದೇ ಜಾಸ್ತಿ. ಕರೆಯ ಕಟ್ಟುಪಾಡನ್ನು ಆ ಕಂಪನಿಯೂ ಕೆಲಕಾಲದಲ್ಲೇ ಬಿಟ್ಟಿತು, ಯಾರು ಬೇಕಾದರೂ ಬನ್ನಿ ಅಂದಿತು. ದೊಡ್ಡವ್ವನಿಗೆ ಅದು ಇವತ್ತಿಗೂ ಸರಿಬಂದಿಲ್ಲ. ಎಂಬತ್ತು ದಾಟಿದ ಮೇಲೂ ಪಾಸ್‌ವರ್ಡ್ ಮರೆತಾಗಲೆಲ್ಲ ನನಗೆ ಫೋನ್ ಮಾಡುತ್ತಾಳೆ.

ಇಷ್ಟು ನೆನಪಾಗುತ್ತಿರುವಾಗಲೇ ಮೊನ್ನೆ ಅವ್ವನ ಫೋನು ಬಂತು. ಮದುವೆಗೆ ಯಾರ್ಯಾರನ್ನು ಕರೆದಿರಿ ಎಂದು ವಿಚಾರಣೆ.

"ದೇವನೂರಿಗೆ ಯಾರೇ ಹೋಗಿದ್ದು? ಗಿರಿಜನ್ನ ಕರಿಯೋಕೆ?"

"ಮೊಬೈಲಲ್ಲಿ ಕಳಿಸಿದೀನಿ ಅವ್ವ. ನೋಡಿದಾಳೆ."

ಅವ್ವ ಮೆಲ್ಲಗೆ, "ಕಿಟಕಿಯಿಂದ ಕರೆದ್ಯೇನೇ?" ಅಂದಳು.

ಇಷ್ಟು ಹೊತ್ತು ನಿಮಗೆ ದೊಡ್ಡದಾಗಿ ಕಥೆ ಹೇಳಿದೆನಲ್ಲ, ಗಿರಿಜೆಯ ಪಾಲಿಗೆ ಆ ಬಸ್ಸಿನ ಕಿಟಕಿಯಲ್ಲಿ ಕೂತವಳು ನಾನೇ ಆಗಿದ್ದೆ.

ಒಲೆ ಆರಿಸಿದೆ. ಬೇರೆ ಕಂಪನಿ ಬೇಡ, ಕರೆದ ಮನೆ ಬಿಡುವುದಿಲ್ಲ, ನಮೂನೆ ಕಾರ್ಡುಗಳನ್ನೆಲ್ಲ ನೀನೇ ಅಳಿಸಿ ಜಾಗ ಮಾಡು ಎಂದು ಮಗಳಿಗೆ ಹೇಳಿ, ಕುಂಕುಮದ ಭರಣಿ ಚೀಲಕ್ಕೆ ಹಾಕಿಕೊಂಡು ದೇವನೂರಿನ ಬಸ್ಸು ಹತ್ತಿದೆ. ಗಿರಿಜೆ ಅಂಗಳದಲ್ಲಿ ರಾಗಿ ಹರವುತ್ತಿದ್ದವಳು ನನ್ನನ್ನು ನೋಡಿ ಎದ್ದು ನಿಂತಳು. ನಗಲಿಲ್ಲ.

"ಬನ್ನಿ ಅತ್ತಿಗೆ. ಕಾರ್ಡು ಬಂದಿತ್ತಲ್ಲ ಮೊಬೈಲಲ್ಲಿ. ಇಷ್ಟು ದೂರ ಯಾಕೆ ಬರೋಕೆ ಹೋದ್ರಿ?"

"ಅದು ಸುದ್ದಿ ಗಿರಿಜ. ಕರಿಯೋಕೆ ಈಗ ಬಂದಿದೀನಿ."

ಅವಳು ಕೈಗಂಟಿದ ರಾಗಿಯನ್ನು ಸೆರಗಿಗೆ ಒರೆಸಿಕೊಂಡಳು. ಬಿದ್ದಿದ್ದ ಮುಂಗೂದಲನ್ನು ಹಿಂದಕ್ಕೆ ಸರಿಸಿ, ನನ್ನತ್ತ ಹಣೆ ಚಾಚಿದಳು.