ಬೀಗತಿ ಬೈಯಲಿಲ್ಲ

ಒಂದು ದೇಶ ಉಳ್ಳಾಗಡ್ಡಿಗಾಗಿ ನನ್ನನ್ನು ಹಿಡಿದು ಕೇಳುತ್ತದೆಂದು ನಾನು ಕನಸಿನಲ್ಲಿಯೂ ಎಣಿಸಿರಲಿಲ್ಲ. ಬಾಂಗ್ಲಾದೇಶದ ಉತ್ತರ ಭಾಗದ ಬೊಗುರಾ ಜಿಲ್ಲೆಯ ಒಂದು ಹಳ್ಳಿಗೆ ನಾನು ಬಂದ ಮೊದಲ ವಾರ ಅದು. ಸಂತೆಯಲ್ಲಿ ಕೈಚೀಲ ಹಿಡಿದು ನಿಂತಿದ್ದೆ. ಕಾಯಿಪಲ್ಲೆ ಮಾರುವವನೊಬ್ಬ ನನ್ನ ಹಣೆಯ ವಿಭೂತಿ ನೋಡಿ ಎಲ್ಲಿಯವರು ಎಂದು ಕೇಳಿದ. ಇಂಡಿಯಾ ಎಂದೆ. ಅವನು ಇಡೀ ಸಂತೆಗೆ ಕೇಳುವ ಹಾಗೆ ಏನೋ ಕೂಗಿದ. ಸುತ್ತಲಿನವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನನ್ನ ಗಂಡ ಈರಣ್ಣ ನನಗಿಂತ ಮುಂಚೆಯೇ ಬಂದು ಬಂಗಾಳಿ ಕಲಿತಿದ್ದರು. ಮುಖ ಕೆಂಪಗೆ ಮಾಡಿಕೊಂಡು ನಿಂತಿದ್ದ ನನಗೆ ಅರ್ಥ ಹೇಳಿದರು.

"ಏನಿಲ್ಲ ಗಿರಿಜಾ. ಉಳ್ಳಾಗಡ್ಡಿ ತಂದೀರೋ, ಬರೇ ಕೈಲೆ ಬಂದೀರೋ ಅಂತ ಕೇಳಾಕತ್ತಾನ."

ಹಿರೇಕೆರೂರಿನ ಕಡೆಯಿಂದ ಬಂದವಳಿಗೆ ಇದು ತಲೆಕೆಳಗಾದ ಮಾತು. ನಮ್ಮಲ್ಲಿ ಉಳ್ಳಾಗಡ್ಡಿ ಎಂದರೆ ಮುಷ್ಟಿಯಿಂದ ಗುದ್ದಿ ರೊಟ್ಟಿಯ ಬದಿಗೆ ಇಟ್ಟುಕೊಳ್ಳುವ ವಸ್ತು. ಇಲ್ಲಿ ಅದು ರಾಜಕಾರಣ. ನಮ್ಮಲ್ಲಿ ದರ ಏರಿದಾಗ ದಿಲ್ಲಿಯವರು ರಫ್ತು ನಿಲ್ಲಿಸುತ್ತಾರೆ, ಆಗ ಇಲ್ಲಿಯ ಹೆಂಗಸರು ಒಗ್ಗರಣೆಗೆ ಅರ್ಧ ಗಡ್ಡೆ ಹಾಕಿ ನಮಗೆ ಶಾಪ ಹಾಕುತ್ತಾರೆ. ಇವರು ಮುನಿದರೆ ಇಲಿಶ್ ಎಂಬ ತಮ್ಮ ಹೆಮ್ಮೆಯ ನದಿ ಮೀನನ್ನು ಕೋಲ್ಕತ್ತಕ್ಕೆ ಹೋಗದಂತೆ ತಡೆಯುತ್ತಾರೆ. ಎರಡು ದೇಶಗಳ ಮುನಿಸು ಅಡಿಗೆಮನೆಗೆ ಇಳಿದದ್ದು ಕಂಡು ಮೊದಮೊದಲು ನನಗೆ ನಗು ಬರುತ್ತಿತ್ತು. ನಗುವುದಕ್ಕೆ ನನಗೇನು, ನಾನು ಮೀನು ತಿನ್ನುವವಳೂ ಅಲ್ಲ.

ನಾವು ಇಷ್ಟು ದೂರ ಬಂದದ್ದು ಬೀಜದ ಕೆಲಸಕ್ಕೆ. ನಮ್ಮ ತಾಲೂಕಿನಲ್ಲಿ ಬೀಜದ ಕಂಪನಿಗಳಿಗಾಗಿ ಕ್ರಾಸಿಂಗ್ ಮಾಡುವುದು, ಅಂದರೆ ಎರಡು ತಳಿಗಳನ್ನು ಕೂಡಿಸುವುದು, ಹೆಂಗಸರ ಕೈಕೆಲಸ. ಸಂಜೆ ಹೆಣ್ಣು ಗಿಡದ ಮೊಗ್ಗು ಬಿಡಿಸಿ, ಕೇಸರ ತೆಗೆದು, ಮೇಲೆ ಕಾಗದದ ಟೊಪ್ಪಿಗೆ ಹಾಕಬೇಕು. ಮರುದಿನ ಬೆಳಿಗ್ಗೆ ಗಂಡು ಗಿಡದ ಹೂವು ತಂದು ಅದರ ಪುಡಿ ಮುಟ್ಟಿಸಬೇಕು. ಈರಣ್ಣ ಈ ಕೆಲಸದ ಮೇಲ್ವಿಚಾರಕರು. ಇಲ್ಲಿಯ ಕಂಪನಿಯೊಂದು ಅವರನ್ನು ಕರೆಸಿಕೊಂಡಿತು. ಹಿಂದಿನಿಂದ ಬಂದ ನಾನು ಸುಮ್ಮನೆ ಕೂರಲಾರದೆ ಇಲ್ಲಿಯ ಹೆಂಗಸರಿಗೆ ಬೆಂಡೆಯ ಕ್ರಾಸಿಂಗ್ ಕಲಿಸಲು ನಿಂತೆ.

ಮನೆ ಸಿಗುವುದು ಸುಲಭವಿರಲಿಲ್ಲ. ನಮ್ಮೂರುಗಳಲ್ಲಿ ಬಾಡಿಗೆಗೆ ಬಂದವರನ್ನು ಮಾಂಸ ಬೇಯಿಸುತ್ತೀರಾ ಎಂದು ಕೇಳಿ ಬಾಗಿಲು ಹಾಕುವುದು ನೋಡಿದ್ದೆ. ಇಲ್ಲಿ ಅದೇ ಪ್ರಶ್ನೆ ತಿರುವುಮುರುವಾಗಿ ನನ್ನ ಮೇಲೆ ಬಂತು. ಮೀನೂ ಇಲ್ಲ, ಮಾಂಸವೂ ಇಲ್ಲ ಎಂದರೆ ಇವರಿಗೇನೋ ಕಾಯಿಲೆ ಇರಬೇಕು ಎಂದು ನೋಡುತ್ತಿದ್ದರು. ಕೊನೆಗೆ ಶಿರೀನ್ ಎಂಬಾಕೆ ತನ್ನ ಅಂಗಳದ ಇನ್ನೊಂದು ಬದಿಯ ತಗಡಿನ ಮನೆ ಕೊಟ್ಟಳು. ನನ್ನದೇ ವಯಸ್ಸು, ನನಗಿಂತ ಉದ್ದ ನಾಲಿಗೆ. ಅವಳ ಗಂಡ ಬ್ಯಾಟರಿ ಆಟೋ ಓಡಿಸುತ್ತಿದ್ದ; ಅವನ ಹೆಸರು ಮಂಜು, ಆ ಹೆಸರು ನಮ್ಮಲ್ಲಿಯ ಹಾಗೆ ಇಲ್ಲಿಯೂ ಉಂಟು. ನಾವು ಬೆಂಡೆ ಹಚ್ಚಿದ್ದೂ ಅವರ ಹೊಲದಲ್ಲೇ.

ಮೊದಲ ಕೆಲವು ತಿಂಗಳು ಬಾಯಿ ಇದ್ದೂ ಮೂಕಿಯಾಗಿದ್ದೆ. ಕೋಲ್ಕತ್ತದ ಬಂಗಾಳಿ ಪುಸ್ತಕ ಓದಿ ನೀರಿಗೆ 'ಜೋಲ್' ಎಂದರೆ, ಇಲ್ಲಿಯವರು 'ಪಾನಿ' ಎಂದು ತಿದ್ದುತ್ತಿದ್ದರು. ಜೋಳದ ರೊಟ್ಟಿಯ ನೆನಪಿಗೆ ಕಣ್ಣಲ್ಲಿ ನೀರು ಬರುತ್ತಿತ್ತು, ಹೇಳಿಕೊಂಡರೆ ನಾಚಿಕೆ. ಒಂದು ದಿನ ಶಿರೀನ್ ಬುಟ್ಟಿಯಲ್ಲಿ 'ಮುಡಿ' ತಂದುಕೊಟ್ಟಳು. ನೋಡಿದರೆ ನಮ್ಮ ಚುರುಮುರಿ. ನಾನು ಡಬ್ಬಿಯ ತಳದಲ್ಲಿದ್ದ ಸವಣೂರಿನ ಖಾರಾ, ಆ ಕುರುಕಲು ತಿಂಡಿ, ಅದಕ್ಕೆ ಕಲಸಿ ಕೊಟ್ಟೆ. ಅವಳ ಕಣ್ಣು, ಮೂಗು ಎರಡೂ ಸೋರಿದವು. ಆದರೂ ಬುಟ್ಟಿ ಖಾಲಿಯಾಗುವವರೆಗೆ ಎದ್ದು ಹೋಗಲಿಲ್ಲ. ಅದು ಈ ಊರಿನಲ್ಲಿ ನಾನು ಗೆದ್ದ ಮೊದಲ ಆಟ. ಅಲ್ಲಿಂದ ಅವಳೇ ನನಗೆ ಬಂಗಾಳಿ ಕಲಿಸಿದಳು. ಅವಳು ಆಡುತ್ತಿದ್ದುದು ಬಂಗಾಳಿಯಾದರೂ ನನ್ನ ಕಿವಿಗೆ ಅದು ಹಿರೇಕೆರೂರಿನ ಮಾತಿನ ಹಾಗೆಯೇ ಬೀಳುತ್ತಿತ್ತು. ಇಲ್ಲಿ ಹಾಗೆಯೇ ಬರೆಯುತ್ತೇನೆ.

ಕ್ರಾಸಿಂಗ್ ಶುರುವಾದ ದಿನ ಹೆಂಗಸರನ್ನು ನಿಲ್ಲಿಸಿಕೊಂಡು ಹೇಳಿದೆ: ಈ ಸಾಲು ಹೆಣ್ಣು, ಆ ಸಾಲು ಗಂಡು. ಹೆಣ್ಣಿನ ಬೀಜ ಇಲ್ಲಿಯದು, ಗಂಡಿನ ಬೀಜ ಇಂಡಿಯಾದಿಂದ ಬಂದದ್ದು. ಶಿರೀನ್ ಬಗ್ಗಿದವಳು ಎದ್ದು ಸೊಂಟಕ್ಕೆ ಕೈ ಕೊಟ್ಟಳು.

"ಹಂಗಾರ ಹೆಣ್ಣು ನಮ್ದು, ಗಂಡು ನಿಮ್ದು. ನೀ ನನಗ ಬಿಯಾಯಿನ್ ಆದಿ ಬಿಡು."

ಬಿಯಾಯಿನ್ ಎಂದರೆ ಬೀಗತಿ. ಅದು ತಿಳಿದ ಗಳಿಗೆಯಲ್ಲಿ ನನಗೆ ತವರಿಗೆ ಹೋದಷ್ಟು ಸಂತೋಷವಾಯಿತು. ಏಕೆಂದರೆ ನಮ್ಮಲ್ಲಿಯ ಹಾಗೆಯೇ ಇಲ್ಲಿಯೂ ಬೀಗರು ಒಬ್ಬರನ್ನೊಬ್ಬರು ಕಾಡಿಸಬೇಕು, ಹೀಯಾಳಿಸಬೇಕು. ನಮ್ಮ ಮದುವೆಗಳಲ್ಲಿ ಬೀಗರು ಊಟಕ್ಕೆ ಕುಳಿತಾಗ ಹೆಂಗಸರು ಹಾಡು ಕಟ್ಟಿ ಬೈಯುವುದಿಲ್ಲವೇ? ಬೀಗರ ಹೊಟ್ಟೆ ಕಾಳು ತುಂಬುವ ಹಗೇವು, ಬೀಗತಿಯ ಮೂಗು ಸೊಟ್ಟ ಎಂದು ಹಾಡಿದರೆ ಅವರು ನಕ್ಕು ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳುತ್ತಾರೆ. "ಬೀಗರು ಬೈದ್ರ ಚಿಂತಿಲ್ಲ, ಬೈಯದ ಉಂಡು ಎದ್ರ ಚಿಂತಿ ಮಾಡಬೇಕು" ಎಂದು ನಮ್ಮವ್ವ ಹೇಳುತ್ತಿದ್ದಳು. ಇದನ್ನು ಶಿರೀನ್‌ಗೆ ಹೇಳಿದರೆ, ತನ್ನ ಅವ್ವನೂ ಇದನ್ನೇ ಹೇಳುತ್ತಿದ್ದಳು ಎಂದಳು. ಆಮೇಲೆ ತಡ ಮಾಡಲಿಲ್ಲ.

"ಗಂಡಿನ ಕಡಿಯಾರ ಸೊಕ್ಕು ನೋಡ್ರೆ. ಮದಿವಿಗೆ ಬಂದಾರ, ಒಂದು ಉಳ್ಳಾಗಡ್ಡಿ ತಂದಿಲ್ಲ."

"ಹೆಣ್ಣಿನ ಕಡಿಯಾರು ಮೀನು ಮುಚ್ಚಿಟ್ಟಾರ. ನಾ ಎದ್ದು ಹೊಕ್ಕೇನಿ."

"ಹೋಗು. ಮೀನು ತಿನ್ನದಾಕಿ ಮುಂದ ಮುಚ್ಚಿಟ್ರೇನು, ತೆರದಿಟ್ರೇನು."

ಅಲ್ಲಿಂದ ಎರಡು ಸರಕಾರಗಳು ಜಗಳಾಡಿದ್ದೆಲ್ಲ ನಮ್ಮ ಹೊಲಕ್ಕೆ ಬರುತ್ತಿತ್ತು. ನದಿಯ ನೀರು, ಗಡಿಯ ಬೇಲಿ, ಕ್ರಿಕೆಟ್ಟಿನ ಅಂಪೈರು, ಎಲ್ಲದಕ್ಕೂ ಅವಳು ನನ್ನನ್ನೇ ಬೈಯುವಳು. ಮಂಜು ಕೆಲವು ವರ್ಷದ ಹಿಂದೆ ಕೋಲ್ಕತ್ತಕ್ಕೆ ಹೋಗಿ ಎದೆಯ ರಕ್ತನಾಳಕ್ಕೆ ಸ್ಪ್ರಿಂಗು ಹಾಕಿಸಿಕೊಂಡು ಬಂದಿದ್ದ. "ನಿನ್ನ ಗಂಡನ ಎದ್ಯಾಗ ನಮ್ಮ ದೇಶದ ಸ್ಪ್ರಿಂಗ್ ಐತಿ, ಅರ್ಧ ಮಂಜು ನಮ್ಮಾಂವ" ಎಂದು ನಾನು ಅಂದರೆ, "ಹಂಗಾರ ಅರ್ಧ ಕೂಳು ನೀನ ಹಾಕು" ಎಂದು ಅವನ ತಟ್ಟೆಯನ್ನು ತಂದು ನನ್ನ ಹೊಸ್ತಿಲ ಮೇಲೆ ಇಡುತ್ತಿದ್ದಳು. ಮಂಜು ತಟ್ಟೆಯ ಹಿಂದೆಯೇ ಬಂದು ನಿಜವಾಗಿಯೂ ಕುಳಿತುಬಿಡುತ್ತಿದ್ದ. ನನ್ನ ಬದನೆಕಾಯಿ ಎಣ್ಣೆಗಾಯಿಯ ಮುಂದೆ ಅವನು ಯಾವ ದೇಶಕ್ಕೂ ಸೇರಿದವನಲ್ಲ.

ಮೊದಲ ಸಲ ಊರಿಗೆ ಹೋಗಿ ಬರುವಾಗ ಹಿರೇಕೆರೂರಿನ ಸಂತೆಯ ಉಳ್ಳಾಗಡ್ಡಿಯನ್ನು ಚೀಲದ ತಳದಲ್ಲಿ ಹಾಕಿಕೊಂಡು ಬಂದೆ. ಶಿರೀನ್ ಅವನ್ನು ತೋರಣದ ಹಾಗೆ ದಾರಕ್ಕೆ ಕಟ್ಟಿ ಬಾಗಿಲಿಗೆ ತೂಗುಹಾಕಿದಳು. ಓಣಿಯವರನ್ನೆಲ್ಲ ಕೂಗಿ ಕರೆದಳು. "ಬರ್ರೆ, ನೋಡ್ರೆ. ಅವರ ಸರಕಾರ ಕೊಡಲಿಲ್ಲ, ನನ್ನ ಬೀಗತಿ ಕದ್ದು ತಂದಾಳ" ಎಂದಳು. ಅವು ಮೊಳಕೆ ಬಂದು ಬಾಡುವವರೆಗೂ ಒಂದನ್ನೂ ಅಡಿಗೆಗೆ ಹಾಕಲಿಲ್ಲ.

ಆಮೇಲೆ ಇಲ್ಲಿಯ ಸರಕಾರ ಬಿದ್ದ ಆ ಮಳೆಗಾಲ ಬಂತು. ಪ್ರಧಾನಿಯಾಗಿದ್ದವರು ನಮ್ಮ ದೇಶಕ್ಕೆ ಹೋಗಿ ಸೇರಿದರು. ಇಲ್ಲಿಯವರ ಸಿಟ್ಟು ನಮ್ಮ ಕಡೆ ತಿರುಗಿತು. ನಮ್ಮ ಕಡೆಯ ಟಿವಿಗಳಲ್ಲಿ ಇವರನ್ನು ಬೈಯುವುದು ದಿನದ ಊಟವಾಯಿತು. ಕೆಲವು ಹೆಂಗಸರು ಹೊಲಕ್ಕೆ ಬರುವುದನ್ನು ಬಿಟ್ಟರು. ಈರಣ್ಣ ನನ್ನನ್ನು ಒಳಗೆ ಕರೆದು ಹೇಳಿದರು.

"ಇನ್ ಮ್ಯಾಲೆ ಚ್ಯಾಷ್ಟಿ ಬ್ಯಾಡ. ನೀ ನಗಾಕ ಅಂದದ್ದನ್ನ ಹೊರಗಿನವರು ಯಾರರೆ ಕೇಳಿದ್ರ ಶಿರೀನ್‌ಗ ತ್ರಾಸ ಆಗ್ತೈತಿ, ನಮಗಲ್ಲ."

ಮಾತು ಸರಿಯೇ ಇತ್ತು. ಅವರು ಹೇಳಿದ್ದು ನಮಗೇನಾದೀತು ಎಂಬ ಹೆದರಿಕೆಯಿಂದಲ್ಲ, ಅವಳ ಸಲುವಾಗಿ. ನಾನು ಬಾಯಿ ಕಟ್ಟಿಕೊಂಡೆ. ಅಂಗಳದ ಆಚೆ ಶಿರೀನ್‌ಗೂ ಯಾರೋ ಅದೇ ಬುದ್ಧಿ ಹೇಳಿರಬೇಕು.

ಅಷ್ಟರಲ್ಲಿ ಮಂಜುವನ್ನು ಮತ್ತೆ ಕೋಲ್ಕತ್ತದ ಡಾಕ್ಟರಿಗೆ ತೋರಿಸುವ ಕಾಲ ಬಂದಿತ್ತು. ಹತ್ತು ಹೆಜ್ಜೆ ನಡೆದರೆ ನಿಂತು ಉಸಿರು ಎಳೆದುಕೊಳ್ಳುತ್ತಿದ್ದ. ಆದರೆ ಭಾರತದ ವೀಸಾ ಸಿಗುವುದು ಈಗ ದುರ್ಲಭವಾಗಿತ್ತು. ಶಿರೀನ್ ಪಟ್ಟಣಕ್ಕೆ ಹೋಗುವುದು, ವಿಚಾರಿಸುವುದು, ಬರುವುದು, ಇದೇ ನಡೆಯಿತು. ಒಂದು ಮಧ್ಯಾಹ್ನ ಹಾಗೆಯೇ ಬರಿಗೈಲಿ ಬಂದು ಅಂಗಳದ ಮೆಟ್ಟಿಲ ಮೇಲೆ ಕುಳಿತಳು. ನಾನು ಹತ್ತಿರ ಹೋದೆ. ಹಿಂದಿನ ದಿನಗಳಾಗಿದ್ದರೆ ಅವಳು ನನ್ನ ಸರಕಾರಕ್ಕೆ, ನನ್ನ ಮನೆತನಕ್ಕೆ, ನನ್ನ ಏಳು ತಲೆಮಾರಿಗೆ ಬೈದು ಹಗುರಾಗುತ್ತಿದ್ದಳು. ಬೈಯಲಿ ಎಂದು ಕಾದೆ.

"ಎಲ್ಲಾ ಛಲೋ ಆಗ್ತೈತಿ, ಚಿಂತಿ ಮಾಡಬ್ಯಾಡ್ರಿ" ಎಂದು ನಾನೇ ಅಂದೆ, ಊರಿಗೆ ಭೇಟಿ ಕೊಟ್ಟ ಸಾಹೇಬರು ಅನ್ನುವ ಹಾಗೆ.

"ದುವಾ ಮಾಡ್ರಿ, ದಿದಿ" ಎಂದಳು.

ದುವಾ ಎಂದರೆ ಪ್ರಾರ್ಥನೆ, ದಿದಿ ಎಂದರೆ ಅಕ್ಕ. ಬಸ್ಸಿನಲ್ಲಿ ಪಕ್ಕ ಕುಳಿತ ಅಪರಿಚಿತ ಹಿಂದೂ ಹೆಂಗಸಿಗೂ ಇಲ್ಲಿ ದಿದಿ ಅನ್ನುತ್ತಾರೆ. ಅವಳು ಎದ್ದು ಒಳಗೆ ಹೋದ ಮೇಲೆ ನನಗೆ ಒಂದು ಮಾತು ಹೊಳೆಯಿತು. ಇಷ್ಟು ದಿನ ನನಗೆ ನಗುವುದು ಸಲೀಸಾಗಿತ್ತು, ಯಾಕೆಂದರೆ ನಾನು ಗಂಡಿನ ಕಡೆಯವಳು. ಉಳ್ಳಾಗಡ್ಡಿಯ ಬಾಗಿಲೂ ಆಸ್ಪತ್ರೆಯ ಬಾಗಿಲೂ ಇದ್ದದ್ದು ನಮ್ಮ ಕಡೆ. ಅರ್ಧ ಮಂಜು ನಮ್ಮವನು ಎಂದು ಎಷ್ಟು ಸಲ ಅಂದಿದ್ದೆ! ಆ ಅರ್ಧಕ್ಕೂ ಒಳಗೆ ಬರಲು ಆಗಲಿಲ್ಲ. ಕೊನೆಗೆ ಢಾಕಾದ ಡಾಕ್ಟರು ಗುಳಿಗೆ ಬದಲಿಸಿ ಕಳಿಸಿದರು. ಆಟೋ ಓಡಿಸಬಾರದು ಎಂದರು. ಮಂಜು ಈಗಲೂ ದಿನಾ ಬೆಳಿಗ್ಗೆ ಅಂಗಳದಲ್ಲಿ ನಿಂತ ಆಟೋದ ಮುಂದಿನ ಸೀಟಿನಲ್ಲಿ ಕುಳಿತು ರಸ್ತೆ ನೋಡುತ್ತಾನೆ. ನನ್ನ ಹೊಸ್ತಿಲಿಗೆ ತಟ್ಟೆ ಬರುವುದಿಲ್ಲ.

ಅವರು ನಮಗೆ ಏನೂ ಕಡಿಮೆ ಮಾಡಿಲ್ಲ. ಅದನ್ನೇ ನಾನು ನಿಮಗೆ ಹೇಗೆ ತಿಳಿಸಲಿ? ಯಾರೂ ಒಂದು ಕೆಟ್ಟ ಮಾತು ಆಡಿಲ್ಲ. ನಾನು ಹೋದರೆ ಶಿರೀನ್ ಕುರ್ಚಿ ಒರೆಸಿ ಹಾಕುತ್ತಾಳೆ, ಚಹಾ ಕೊಡುತ್ತಾಳೆ, ನಿಮ್ಮ ತಾಯಿಯವರು ಆರಾಮಾ ಎಂದು ಕೇಳುತ್ತಾಳೆ. ನಾನೂ ಅಷ್ಟೇ ಮರ್ಯಾದೆಯಿಂದ ಉತ್ತರ ಕೊಡುತ್ತೇನೆ. ಚಹಾ ಮುಗಿದೊಡನೆ ಎದ್ದು ಬರುತ್ತೇನೆ.

ಈ ಸಲ ಊರಿಗೆ ಹೋದಾಗ ಹಾನಗಲ್ಲಿನಲ್ಲಿ ಅಕ್ಕನ ಮನೆಯಲ್ಲಿ ಉಳಿದಿದ್ದೆ. ಊಟ ಮಾಡುತ್ತ ಮಾವ, ಅಂದರೆ ಅಕ್ಕನ ಗಂಡ, ಮೊಬೈಲಿನಲ್ಲಿ ಬಾಂಗ್ಲಾದವರನ್ನು ಅಣಕಿಸುವ ವಿಡಿಯೋ ಹಚ್ಚಿದರು. ಉಳ್ಳಾಗಡ್ಡಿಗೆ ಕೈಯೊಡ್ಡಿ ನಿಂತ ಲುಂಗಿಯವನೊಬ್ಬ, ಅವನನ್ನು ಒದ್ದು ಓಡಿಸುವವನೊಬ್ಬ. ಮನೆಮಂದಿಯೆಲ್ಲ ನಕ್ಕರು. ನಾನು ಹೊಲದಲ್ಲಿ ಆಡುತ್ತಿದ್ದ ಮಾತೂ ಸುಮಾರು ಅದೇ. ಆದರೂ ಎತ್ತಿದ ತುತ್ತನ್ನು ತಟ್ಟೆಯಲ್ಲಿಯೇ ಇಟ್ಟೆ.

"ಅದನ್ನ ಬಂದ್ ಮಾಡ್ರಿ ಮಾವಾರ. ನೀವೇನು ಅವರ ಬೀಗರೇನ್ರಿ?"

ಮಾವ ಬೆಪ್ಪಾಗಿ ಅಕ್ಕನ ಮುಖ ನೋಡಿದರು. "ಇಕಿ ಪೂರಾ ಅಲ್ಲಿಯಾಕಿ ಆಗ್ಯಾಳ" ಎಂದಳು ಅಕ್ಕ, ನನ್ನ ತಟ್ಟೆಗೆ ಇನ್ನಷ್ಟು ಅನ್ನ ಹಾಕುತ್ತ. ಬೀಗರನ್ನು ಬೈಯುವ ಹಕ್ಕು ಬೀಗರಿಗೆ ಮಾತ್ರ ಎಂದು ಅವರಿಗೆ ಹೇಳಬೇಕೆಂದುಕೊಂಡೆ. ಆದರೆ ನನ್ನ ಹತ್ತಿರವಾದರೂ ಆ ಹಕ್ಕು ಈಗ ಎಲ್ಲಿದೆ?

ಮರುದಿನ ಖಾರಾ ಕೊಳ್ಳಲು ಸವಣೂರಿಗೆ ಹೋದೆ. ನಾನು ಯಾವಾಗಲೂ ಹೋಗುವ ಅಂಗಡಿಯ ಮುದುಕ ಸಾಬರು, ಈ ಮುಂಚೆ ಬಾಂಗ್ಲಾಕ್ಕೆ ಒಯ್ಯಲು ಎಂದೊಡನೆ, "ನಮ್ಮ ಖಾರಾ ತಿಂದ್ರ ಜಗಳಾ ಮರೀತಾರ ಬಿಡ್ರಿ" ಎಂದು ಒಂದು ಹಿಡಿ ಹೆಚ್ಚಿಗೆ ಹಾಕುತ್ತಿದ್ದರು. ಈ ಸಲ ಸುತ್ತ ನೋಡಿ ದನಿ ತಗ್ಗಿಸಿದರು. "ಆ ಹೆಸರು ಜೋರಾಗಿ ತಗೀಬ್ಯಾಡ್ರಿ ಅಕ್ಕಾರ. ನೀವು ಅಂದ್ರ ನಡೀತೈತಿ, ನಾವು ಕೇಳಿದ್ರೂ ತಪ್ಪು" ಎಂದರು. ಹಿಡಿ ಖಾರಾ ಮಾತ್ರ ಹೆಚ್ಚಿಗೆ ಹಾಕಿದರು.

ಗಡಿ ದಾಟುವಾಗ ಎರಡೂ ಕಡೆಯ ಅಧಿಕಾರಿಗಳು ನನ್ನನ್ನು ಒಂದೇ ಪ್ರಶ್ನೆ ಕೇಳಿದರು: ಇಂಥ ಹೊತ್ತಿನಲ್ಲಿ ಯಾಕೆ ಗಡಿ ದಾಟುತ್ತೀರಿ? ಬೆಂಡೆಯ ಹಂಗಾಮು ಎಂದೆ. ಹಾನಗಲ್ಲಿನಲ್ಲಿ ನಾನು ಅಲ್ಲಿಯಾಕಿ, ಇಲ್ಲಿ ನಾನು ಇಂಡಿಯಾದ ದಿದಿ.

ಚೀಲದ ತಳದಲ್ಲಿ ಈ ಸಲವೂ ಹಿರೇಕೆರೂರಿನ ಉಳ್ಳಾಗಡ್ಡಿ ತಂದಿದ್ದೆ. ನೆಲದ ಮಣ್ಣು ಇನ್ನೂ ಅಂಟಿಕೊಂಡಿದ್ದ, ಕೆಂಪಗಿನ ಒಳ್ಳೆಯ ಗಡ್ಡೆಗಳು. ಅಂಗಳ ದಾಟಿ ಹೋಗಿ ಶಿರೀನ್‌ಳ ಹೊಸ್ತಿಲಲ್ಲಿ ನಿಂತೆ. ಈರಣ್ಣನ ಮಾತು ನೆನಪಿತ್ತು. ಆದರೂ ಸುತ್ತ ಯಾರೂ ಇರಲಿಲ್ಲ, ನಾನು ಬಾಯಿ ಬಿಟ್ಟೆ.

"ಬೀಗತಿ, ತಗೋ. ಗಂಡಿನ ಕಡಿಯಾರು ಬಂದಾರ."

ಶಿರೀನ್ ಒಂದು ಗಳಿಗೆ ನನ್ನ ಮುಖ ನೋಡಿದಳು. ಅವಳ ತುಟಿ ಅಲ್ಲಾಡಿದ ಹಾಗೆ ಕಂಡಿತು. ಆಟೋದಲ್ಲಿ ಕುಳಿತಿದ್ದ ಮಂಜು ಕೂಡ ಇತ್ತ ತಿರುಗಿದ. ಆಮೇಲೆ ಅವಳು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಎರಡೂ ಕೈ ಚಾಚಿ ಚೀಲ ತೆಗೆದುಕೊಂಡಳು.

"ಅಷ್ಟು ದೂರದಿಂದ ಯಾಕ ತ್ರಾಸ ತಗೊಂಡ್ರಿ, ದಿದಿ. ಭಾಳ ಛಲೋ ಅದಾವು."

ಒಳಗೆ ಹೋಗಿ ಅವನ್ನು ಅಡಿಗೆಮನೆಯ ಬುಟ್ಟಿಯಲ್ಲಿ ಬೇರೆ ಉಳ್ಳಾಗಡ್ಡಿಗಳ ಜೊತೆ ಸುರಿದಳು. ಕುರ್ಚಿ ತಂದು ಸೆರಗಿನಿಂದ ಒರೆಸಿ ಹಾಕಿದಳು. "ಕುಂದರ್ರಿ, ಚಹಾ ಇಡ್ತೇನಿ" ಎಂದಳು. ನಾನು ಕೂರಲಿಲ್ಲ. ಒಲೆ ಹೊತ್ತಿಸುವ ಸಪ್ಪಳ ಕೇಳುತ್ತ, ಈಗಲಾದರೂ ಒಳಗಿನಿಂದ ಬೈದಾಳು ಎಂದು ಹೊಸ್ತಿಲಲ್ಲೇ ನಿಂತಿದ್ದೆ.